ಓದುಗರ ಪ್ರಶ್ನೆ: ವಲಸೆ ವಕೀಲರ ಕೆಲಸ ಅಂದರೆ ಬರೀ ಫಾರ್ಮ್ ತುಂಬುವುದಾ?

ಈ ಸಲ ಬಂದ ಕಾಗದಗಳಲ್ಲಿ ವೀಸಾ ಹೇಗೆ ಸಿಗುತ್ತೆ ಅಂತ ಕೇಳಿದವರಿಗಿಂತ ವೀಸಾ ವಕೀಲರಾಗುವುದು ಹೇಗೆ ಅಂತ ಕೇಳಿದವರೇ ಜಾಸ್ತಿ. ಓದಿ ಖುಷಿಯಾಯಿತು. ನಾನು ತಿಪಟೂರಿನ ಕಡೆಯವನು. ನ್ಯೂಜೆರ್ಸಿಯಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಐದು ವರ್ಷದ ಲಾ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ಅಮೆರಿಕದಲ್ಲಿ ಇಮಿಗ್ರೇಶನ್ ಲಾಯರ್ ಆಗುವ ಆಸೆ. ಮನೆಯಲ್ಲಿ ‘ಅದು ಬರೀ ಫಾರ್ಮ್ ತುಂಬುವ ಕೆಲಸ, ಅದಕ್ಕೆ ಲಾ ಯಾಕೆ ಓದಬೇಕಿತ್ತು’ ಅನ್ನುತ್ತಾರೆ. ಹೌದಾ? ಆ ಕೆಲಸದಲ್ಲಿ ತೃಪ್ತಿ ಇದೆಯಾ? ದಾರಿ ಯಾವುದು? — ವಿದ್ಯಾರ್ಥಿನಿ, ಶಿವಮೊಗ್ಗ

ಫಾರ್ಮ್ ತುಂಬುವುದು ಇದ್ದೇ ಇದೆ. ದಿನಾ ತುಂಬುತ್ತೇನೆ. ಆದರೆ ಆ ಫಾರ್ಮಿನ ಒಂದು ಚಿಕ್ಕ ಚೌಕದ ಕಥೆ ಹೇಳುತ್ತೇನೆ, ಕೇಳಿ.

ಹುಟ್ಟಿದ ದಿನಾಂಕ. ಇಷ್ಟೇ ಆ ಚೌಕ. ನನ್ನ ಹತ್ತಿರ ಬಂದವರೊಬ್ಬರು ಉತ್ತರ ಕರ್ನಾಟಕದ ಒಂದು ಹಳ್ಳಿಯವರು, ವಯಸ್ಸು ಐವತ್ತರ ಹತ್ತಿರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಜೂನ್ 1. ಪಾಸ್‌ಪೋರ್ಟಿನಲ್ಲೂ ಜೂನ್ 1. ಆದರೆ ಅವರ ತಾಯಿಯ ಪ್ರಕಾರ ಮಗ ಹುಟ್ಟಿದ್ದು ದೀಪಾವಳಿ ಆಗಿ ಎಂಟನೇ ದಿನಕ್ಕೆ. ಬಹಳ ತಡವಾಗಿ ಮಾಡಿಸಿದ ಜನನ ಪ್ರಮಾಣಪತ್ರದಲ್ಲಿ ಮೂರನೇ ಒಂದು ತಾರೀಖು. ನಮಗೆ ಇದು ಹೊಸದಲ್ಲ ಅಲ್ವಾ? ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ವಯಸ್ಸು ಕೂಡಿಬರಲಿ ಅಂತ ಒಂದು ಜೂನ್ ತಾರೀಖು ಬರೆದುಕೊಂಡರು. ಅರ್ಧ ಊರಿನ ಹುಟ್ಟುಹಬ್ಬ ಒಂದೇ ದಿನ. ಆದರೆ ಅಮೆರಿಕದ ಅಧಿಕಾರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರ ಮೇಜಿನ ಮೇಲೆ ಒಬ್ಬನೇ ಮನುಷ್ಯನಿಗೆ ಎರಡು ದಿನಾಂಕ ಕಂಡರೆ ಮೊದಲು ಬರುವ ಅನುಮಾನ ಮೋಸದ್ದು. ಇನ್ನೂ ಪುರಾವೆ ಕೊಡಿ ಅಂತ ನೋಟಿಸ್ ಬಂತು. ನಾವು ಆರ್‌ಎಫ್‌ಇ ಅನ್ನುವುದು ಇದನ್ನೇ. ಆಗ ನಾನು ಮಾಡಿದ್ದು ವಕೀಲಿಕೆ. ಅವರ ದೊಡ್ಡಪ್ಪ ಮತ್ತು ಸೋದರತ್ತೆಯಿಂದ ಅಫಿಡವಿಟ್ ಬರೆಸಿದೆ. ಶಾಲೆಯ ದಾಖಲಾತಿ ಪುಸ್ತಕದ ನಕಲು ತರಿಸಿದೆ. ಆ ಕಾಲದಲ್ಲಿ ಹಳ್ಳಿ ಶಾಲೆಗಳಲ್ಲಿ ವಯಸ್ಸು ಹೇಗೆ ಬರೆಯುತ್ತಿದ್ದರು ಅಂತ ಎರಡು ಪುಟ ಬಿಡಿಸಿ ಬರೆದೆ. ಈ ಮನುಷ್ಯ ಸುಳ್ಳು ಹೇಳಿಲ್ಲ, ಶಾಲೆಗೆ ಸೇರಿದ ದಿನದಿಂದ ಇವತ್ತಿನವರೆಗೆ ಒಂದೇ ತಾರೀಖು ಬಳಸುತ್ತಾ ಬಂದಿದ್ದಾರೆ ಅಂತ ತೋರಿಸಿದೆ. ಅರ್ಜಿ ಪಾಸಾಯಿತು.

ಹೆಸರಿನದೂ ಹೀಗೇ. ನಮ್ಮಲ್ಲಿ ಇನಿಷಿಯಲ್ ಇರುತ್ತೆ, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂತರೆ ವೀಸಾದಲ್ಲಿ ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ ಅಂತ ಬರುತ್ತೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಎಲ್ಲ ಕಡೆ ಅದೇ ಹೆಸರು ಬೆನ್ನು ಹತ್ತುತ್ತೆ. ಮಂಡ್ಯದ ಹುಡುಗಿಯ ಹೆಸರು ಹೀಗೇಕಿದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಶಿವಮೊಗ್ಗದಲ್ಲಿ ಬೆಳೆದ ನಿಮಗೆ ಆಗಲೇ ಗೊತ್ತಿರುವ ಇಂಥ ಸಂಗತಿಗಳು ಮುಂದೆ ಬಹಳ ಕೆಲಸಕ್ಕೆ ಬರುತ್ತವೆ.

ತೃಪ್ತಿ ಇದೆಯಾ ಅಂದಿರಿ. ಇದೆ. ಆದರೆ ಅದು ಯಾವಾಗಲೂ ಗೆಲುವಿನಿಂದ ಬರುವುದಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಸಾಮಾನ್ಯವಾಗಿ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿ ಭಾರತೀಯರ ಸಾಲು ಹತ್ತು ವರ್ಷಕ್ಕೂ ಮೀರಿ ಎಳೆಯುತ್ತೆ. ಸಾಲು ಎಲ್ಲಿಗೆ ಬಂತು ಅಂತ ಸರ್ಕಾರ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್ ಬಂದ ದಿನ ಜನ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ಜಾಗ ಹಿಡಿದ ತಾರೀಖು, ಎಷ್ಟು ಮುಂದೆ ಹೋಯಿತು ಅಂತ ಮೊದಲು ನೋಡುತ್ತಾರೆ. ಅಷ್ಟರಲ್ಲಿ ಮಕ್ಕಳು ಬೆಳೆದುಬಿಡುತ್ತಾರೆ. 21 ತುಂಬಿದರೆ ಮಗಳು ಅಪ್ಪನ ಅರ್ಜಿಯಿಂದ ಹೊರಗೆ. ಅದಕ್ಕೇ ಯಾವ ಕುಟುಂಬ ಬಂದರೂ ನಾನು ಮೊದಲು ಕೇಳುವುದು ಮಕ್ಕಳ ಹುಟ್ಟಿದ ದಿನ. 2002ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ, ಕಂಪನಿ ಹಾಕಿದ ಅರ್ಜಿ ಸರ್ಕಾರದ ಹತ್ತಿರ ಎಷ್ಟು ದಿನ ಕೊಳೆಯಿತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು. ಆ ಲೆಕ್ಕ ಹಾಕಿ ಒಂದು ಹುಡುಗಿಗೆ ನಾಲ್ಕು ತಿಂಗಳು ಉಳಿಸಿಕೊಟ್ಟಿದ್ದೇನೆ, ಅಷ್ಟರಲ್ಲಿ ಅವರ ಸರದಿ ಬಂತು. ಇನ್ನೊಂದು ಮನೆಗೆ ಅದೇ ಲೆಕ್ಕ ಹಾಕಿ, ಆಗುವುದಿಲ್ಲ, ಈಗಲೇ ಮಗನಿಗೆ ವಿದ್ಯಾರ್ಥಿ ವೀಸಾದ ದಾರಿ ನೋಡಿ ಅಂತ ಮೂರು ವರ್ಷ ಮೊದಲೇ ಹೇಳಿದೆ. ಆ ತಂದೆ ಸಿಟ್ಟಾದರು. ಒಂದು ವರ್ಷದ ಮೇಲೆ ಅವರೇ ಫೋನ್ ಮಾಡಿ, ಬೇರೆಯವರೆಲ್ಲ ಆಗುತ್ತೆ ಆಗುತ್ತೆ ಅಂದರು, ನೀವೊಬ್ಬರೇ ಆಗಲ್ಲ ಅಂದಿರಿ, ಒಳ್ಳೆಯದಾಯಿತು ಅಂದರು. ನನ್ನ ಮಟ್ಟಿಗೆ ಆ ಎರಡು ದಿನಗಳ ತೃಪ್ತಿ ಸಮನಾದದ್ದು. ‘ಆಗಲ್ಲ’ ಅಂತ ಸರಿಯಾದ ಹೊತ್ತಿಗೆ, ಕಾರಣ ಸಮೇತ ಹೇಳುವುದೇ ಈ ಕೆಲಸದಲ್ಲಿ ಕಲಿಯಲು ಕಷ್ಟವಾದದ್ದು. ಏಜೆಂಟರಿಗೂ ವಕೀಲರಿಗೂ ಇರುವ ವ್ಯತ್ಯಾಸವೂ ಅದೇ.

ಸಖಾರಾಮ ಗಣೇಶ ಪಂಡಿತ್ ಅನ್ನುವವರ ಬಗ್ಗೆ ಒಮ್ಮೆ ಓದಿ. ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಿದ್ದ ಭಾರತೀಯ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಇನ್ನೊಬ್ಬ ಭಾರತೀಯರ ಪೌರತ್ವದ ಕೇಸನ್ನು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಡೆಸಿ ಸೋತರು. ಭಾರತೀಯರು ‘ಬಿಳಿಯರಲ್ಲ’, ಅವರಿಗೆ ಪೌರತ್ವ ಇಲ್ಲ ಅಂದಿತು ಕೋರ್ಟು. ಆಮೇಲೆ ಸರ್ಕಾರ ಆಗಲೇ ಪೌರತ್ವ ಪಡೆದಿದ್ದವರದನ್ನೂ ಕಿತ್ತುಕೊಳ್ಳಲು ಹೊರಟಿತು. ಪಂಡಿತರ ಮೇಲೂ ಕೇಸು ಬಂತು. ಅವರು ಹಿಡಿದದ್ದು ಸರಳವಾದ ಒಂದು ಎಳೆ. 1914ರಲ್ಲಿ ಕೋರ್ಟು ನನಗೆ ಪೌರತ್ವ ಕೊಟ್ಟಾಗ ನೀವು ಮೇಲ್ಮನವಿ ಹಾಕಲಿಲ್ಲ, ಅದನ್ನು ನಂಬಿ ನಾನು ವಕೀಲನಾದೆ, ಸಂಸಾರ ಕಟ್ಟಿದೆ, ಮುಗಿದ ಕೇಸನ್ನು ಈಗ ತೆರೆಯುವ ಹಾಗಿಲ್ಲ ಅಂದರು. 1926ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಿತು. ತಾರೀಖುಗಳನ್ನು ಜೋಡಿಸಿ ನೋಡುವ ಕಣ್ಣು ಅಂದರೆ ಅದು.

ಈಗ ದಾರಿ. ಹೆಚ್ಚಿನವರು ಮಾಡುವುದು ಒಂದು ವರ್ಷದ ಎಲ್‌ಎಲ್‌ಎಂ, ಅಂದರೆ ಕಾನೂನಿನ ಮಾಸ್ಟರ್ಸ್, ಆಮೇಲೆ ವಕೀಲಿಕೆಯ ಲೈಸೆನ್ಸಿಗಾಗಿ ಒಂದು ರಾಜ್ಯದ ಬಾರ್ ಪರೀಕ್ಷೆ. ಇಲ್ಲಿ ಒಂದು ಗುಂಡಿ ಇದೆ, ಕಾಲೇಜಿನ ಜಾಹೀರಾತುಗಳಲ್ಲಿ ಅದನ್ನು ಹೇಳುವುದಿಲ್ಲ. ಇಂಜಿನಿಯರಿಂಗ್ ಓದಿದವರಿಗೆ ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅವಕಾಶ, ಅದರ ಮೇಲೆ ಇನ್ನೂ 24 ತಿಂಗಳು. ಕಾನೂನು ಓದಿದವರಿಗೆ ಆ 12 ಮಾತ್ರ. ಅಷ್ಟರೊಳಗೆ ಬಾರ್ ಪಾಸಾಗಬೇಕು, ಕೆಲಸ ಹುಡುಕಬೇಕು, ಎಚ್‌1ಬಿ ಅನ್ನುವ ಕೆಲಸದ ವೀಸಾದ ಆಯ್ಕೆಯಲ್ಲಿ ಹೆಸರು ಬರಬೇಕು. ಅಲ್ಲಿ ವರ್ಷಕ್ಕೆ ಇರುವುದು 65,000, ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಸಾಲ ಮಾಡಿ ಹೋಗುವ ಮುಂಚೆ ಇದನ್ನು ಮನೆಯವರ ಮುಂದೆ ಬಿಡಿಸಿ ಇಡಿ. ನನ್ನನ್ನು ಕೇಳಿದರೆ, ಮೊದಲು ಎರಡು ವರ್ಷ ಶಿವಮೊಗ್ಗದ ಕೋರ್ಟಿನಲ್ಲೇ ಒಳ್ಳೆಯ ಸೀನಿಯರ್ ಹತ್ತಿರ ಕೆಲಸ ಮಾಡಿ. ಅಫಿಡವಿಟ್ ಬರೆಯುವುದು, ಹೆದರಿದ ಸಾಕ್ಷಿಯಿಂದ ಮಾತು ಹೊರಡಿಸುವುದು, ಕಕ್ಷಿದಾರ ಮುಚ್ಚಿಟ್ಟದ್ದನ್ನು ನೋಯಿಸದೆ ಕೇಳುವುದು, ಇವೆಲ್ಲ ಅಲ್ಲೇ ಬರುತ್ತವೆ. ಆಮೇಲೆ ಎಲ್‌ಎಲ್‌ಎಂಗೆ ಹೋದರೆ ಇಮಿಗ್ರೇಶನ್ ಕ್ಲಿನಿಕ್ ಇರುವ ಕಾಲೇಜನ್ನೇ ಹುಡುಕಿ. ಅಲ್ಲಿ ವಿದ್ಯಾರ್ಥಿಗಳೇ ಪ್ರೊಫೆಸರ್ ನೆರಳಲ್ಲಿ ನಿಜವಾದ ಕೇಸು ನಡೆಸುತ್ತಾರೆ. ಆದರೆ ಸೇರುವ ಮೊದಲೇ ಎಲ್‌ಎಲ್‌ಎಂ ವಿದ್ಯಾರ್ಥಿಗಳನ್ನು ಅದಕ್ಕೆ ತೆಗೆದುಕೊಳ್ಳುತ್ತಾರಾ ಅಂತ ಬರೆದು ಕೇಳಿ.

ಮೈಸೂರಿನಲ್ಲಿ ಆರು ವರ್ಷ ಸಿವಿಲ್ ಕೇಸು ನಡೆಸಿದ್ದೇನೆ. ಈಗ ಗಂಡನ ಎಚ್‌1ಬಿ ಜೊತೆಗೆ ಸಿಗುವ ಎಚ್‌4 ವೀಸಾದಲ್ಲಿ ಟೆಕ್ಸಾಸ್‌ನಲ್ಲಿದ್ದೇನೆ, ನಾಲ್ಕು ವರ್ಷದಿಂದ ಮನೆಯಲ್ಲೇ. ಕೋಟು ಪೆಟ್ಟಿಗೆಯಲ್ಲಿದೆ. ಮತ್ತೆ ವಕೀಲಿಕೆ ಸಾಧ್ಯವಾ? — ಓದುಗಿ, ಡಲ್ಲಾಸ್

ಸಾಧ್ಯ. ವಲಸೆ ಕಾನೂನು ಇಡೀ ದೇಶಕ್ಕೆ ಒಂದೇ, ಅದು ಕೇಂದ್ರದ ಕಾನೂನು. ಹಾಗಾಗಿ ಯಾವುದಾದರೂ ಒಂದು ರಾಜ್ಯದ ಬಾರ್ ಲೈಸೆನ್ಸ್ ಇದ್ದರೆ ಸಾಕು, ಯಾವ ರಾಜ್ಯದಲ್ಲಿದ್ದರೂ ವಲಸೆ ಕೇಸು ನಡೆಸಬಹುದು. ಟೆಕ್ಸಾಸ್‌ನದೇ ಬೇಕೆಂದಿಲ್ಲ. ನಿಮ್ಮ ಲೈಸೆನ್ಸ್ ಯಾವ ರಾಜ್ಯದ್ದು ಅಂತ ಎಲ್ಲ ಕಡೆ ಸ್ಪಷ್ಟವಾಗಿ ಹಾಕಬೇಕು, ಟೆಕ್ಸಾಸ್‌ನ ಡಿವೋರ್ಸು, ಆಸ್ತಿ ಕೇಸು ಮುಟ್ಟಬಾರದು, ಅಷ್ಟೇ.

ಭಾರತದಲ್ಲಿ ಸನ್ನದು ಪಡೆದ ವಕೀಲರಿಗೆ ಎರಡು ಬಾಗಿಲು ತೆರೆದಿವೆ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಎಂ ಇಲ್ಲದೆಯೂ ಪರೀಕ್ಷೆಗೆ ಕೂರಬಹುದು. ನ್ಯೂಯಾರ್ಕ್‌ನ ಬಾರ್ ಪರೀಕ್ಷೆಯ ಮಂಡಳಿ ನಿಮ್ಮ ಪದವಿಯನ್ನು ನೋಡಿ, ನೇರವಾಗಿ ಬರೆಯಬಹುದಾ ಎಲ್‌ಎಲ್‌ಎಂ ಬೇಕಾ ಅಂತ ಹೇಳುತ್ತೆ. ಅಂಕಪಟ್ಟಿಯನ್ನು ಯೂನಿವರ್ಸಿಟಿಯೇ ನೇರವಾಗಿ ಅವರಿಗೆ ಕಳಿಸಬೇಕು, ನೀವು ಕೈಯಲ್ಲಿ ಕೊಟ್ಟರೆ ಒಪ್ಪುವುದಿಲ್ಲ. ಇದಕ್ಕೆ ತಿಂಗಳುಗಟ್ಟಲೆ ಬೇಕು. ಊರಿನಲ್ಲಿ ತಮ್ಮನೋ ಗೆಳತಿಯೋ ಇದ್ದರೆ ಇವತ್ತೇ ಓಡಾಡಲು ಹೇಳಿ. ನ್ಯೂಯಾರ್ಕ್‌ನಲ್ಲಿ ಸನ್ನದು ಕೊಡುವ ಮೊದಲು 50 ಗಂಟೆ ಉಚಿತ ಕಾನೂನು ಸೇವೆ ಮಾಡಿರಬೇಕು ಅನ್ನುವುದನ್ನೂ ಲೆಕ್ಕದಲ್ಲಿಡಿ.

ಇನ್ನೊಂದು ಮಾತು, ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಚ್‌4ನಲ್ಲಿ ಓದಬಹುದು, ಕೆಲಸ ಮಾಡುವ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ ನೀವು ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು, 2015ರಿಂದ ಈ ಅವಕಾಶ ಇದೆ. ಅದು ಕೈಗೆ ಬರುವವರೆಗೆ ಯಾವುದಾದರೂ ಲಾ ಆಫೀಸಿನವರು ‘ಸಂಬಳ ಇಲ್ಲ, ಸುಮ್ನೆ ಬಂದು ಕಲಿತುಕೊಳ್ಳಿ’ ಅಂದರೆ ಹೋಗಬೇಡಿ. ಬೇರೆಯವರಿಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದು ಅನುಮತಿ ಇಲ್ಲದ ಕೆಲಸ ಅಂತ ಆಗಬಹುದು. ನಾಳೆ ವಲಸೆ ವಕೀಲರಾಗಬೇಕಾದವರ ಫೈಲಿನಲ್ಲೇ ಆ ಕಲೆ ಬೇಡ. ಪೌರತ್ವದ ಅರ್ಜಿ ತುಂಬಲು ನೆರವಾಗುವ ಸೇವಾ ಸಂಸ್ಥೆಗಳ ಶಿಬಿರಗಳಿರುತ್ತವೆ, ಅಲ್ಲಿ ಸ್ವಯಂಸೇವಕರಾಗಿ ಹೋಗಬಹುದು. ನನಗೆ ಈ ಕೆಲಸದ ರುಚಿ ಹತ್ತಿದ್ದೂ ಅಂಥ ಒಂದು ಶನಿವಾರವೇ.

ಕೋಟನ್ನು ಪೆಟ್ಟಿಗೆಯಿಂದ ತೆಗೆದು ಹೊರಗೆ ನೇತುಹಾಕಿ.

ನಾನು ಮಂಗಳೂರಿನಲ್ಲಿ ವಕೀಲ. ಹೊರದೇಶಕ್ಕೆ ಹೋಗುವ ಮನಸ್ಸಿಲ್ಲ. ಇಲ್ಲೇ ಇದ್ದು ವಲಸೆ ಕಾನೂನಿನಲ್ಲಿ ಬದುಕು ಕಟ್ಟಿಕೊಳ್ಳಬಹುದಾ? — ಓದುಗ, ಮಂಗಳೂರು

ಕಟ್ಟಿಕೊಳ್ಳಬಹುದು. ನಿಮ್ಮ ಊರಿಗೆ ಅಂಥವರು ಬೇಕು ಕೂಡ. ಕರಾವಳಿಯಿಂದ ಗಲ್ಫಿಗೆ ಹೋಗುವವರ ವಿಷಯ ನಿಮಗೆ ನಾನು ಹೇಳಬೇಕಿಲ್ಲ. 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಇಲ್ಲ. ಇದು ಗೊತ್ತಿಲ್ಲದೆ ಮನೆಯ ಒಡವೆ ಅಡವಿಟ್ಟು ಲಕ್ಷ ಲಕ್ಷ ಕೊಟ್ಟವರು ಎಷ್ಟು ಜನ! ಹೋಗುವ ಮೊದಲೇ ಕರಾರು ಪತ್ರ ಓದಿ ಹೇಳುವ, ಮೋಸ ಹೋದಾಗ ಜೊತೆಗೆ ನಿಲ್ಲುವ ವಕೀಲ ಸಿಕ್ಕರೆ ಅದು ದೊಡ್ಡ ಮಾತು.

ಇನ್ನೊಂದು ಕಡೆ, ಭಾರತಕ್ಕೆ ಬರುವ ವಿದೇಶಿಯರು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಾಗಿ 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳು ಹೋಗಿವೆ. ಹೊಸ ಕಾನೂನು ಅಂದರೆ ಹಿರಿಯರಿಗೂ ಕಿರಿಯರಿಗೂ ಒಂದೇ ಗೆರೆಯಿಂದ ಓಟ. ವಿದ್ಯಾರ್ಥಿಗಳು, ಕಂಪನಿಯವರು, ಒಸಿಐ ಕಾರ್ಡು ಇರುವ ವಿದೇಶಿ ಪೌರತ್ವದ ಭಾರತೀಯ ಮೂಲದವರು, ವಿದೇಶಿ ಪಾಸ್‌ಪೋರ್ಟಿನ ಮೊಮ್ಮಕ್ಕಳು ಎಲ್ಲರಿಗೂ ಇದು ಬೇಕಾಗುತ್ತೆ. ಅಮೆರಿಕ, ಕೆನಡಾದ ಕಾನೂನಿನ ಸಲಹೆ ಮಾತ್ರ ಅಲ್ಲಿಯ ಲೈಸೆನ್ಸ್ ಇಲ್ಲದೆ ಕೊಡಬೇಡಿ.

ಮಗಳು ಶಿಕಾಗೊದಲ್ಲಿ ಒಂದು ಸೇವಾ ಸಂಸ್ಥೆಯಲ್ಲಿ ಆಶ್ರಯ ಕೇಳುವವರ ವಕೀಲೆ. ಸಂಬಳ ಕಮ್ಮಿ, ಕೆಲಸ ಜಾಸ್ತಿ. ಇತ್ತೀಚೆಗೆ ಫೋನಿನಲ್ಲಿ ಮಾತೇ ಆಡುವುದಿಲ್ಲ. ಕೇಳಿದರೆ ‘ಏನಿಲ್ಲಮ್ಮ’ ಅನ್ನುತ್ತಾಳೆ. ಬೇರೆ ಕೆಲಸ ನೋಡಿಕೋ ಅಂತ ಹೇಳಲಾ? — ತಾಯಿ, ಹುಬ್ಬಳ್ಳಿ

ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ.

ನನ್ನದು ಕಂಪನಿಗಳ, ಕುಟುಂಬಗಳ ಕೆಲಸ, ನಿಮ್ಮ ಮಗಳದಕ್ಕಿಂತ ಹಗುರ. ಆದರೂ 2025ರ ಸೆಪ್ಟೆಂಬರ್ 19, ಶುಕ್ರವಾರ, ಹೊಸ ಎಚ್‌1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಘೋಷಣೆ ಹೊರಬಿದ್ದಾಗ, ಭಾನುವಾರ ಶುರುವಾಗುತ್ತಿದ್ದಂತೆ ಅದು ಜಾರಿಯಾಗಬೇಕಿತ್ತು, ಊರಿಗೆ ಬಂದಿದ್ದವರು ವಾಪಸ್ ಓಡಲಾ ಅಂತ, ವಿಮಾನ ಹತ್ತಲು ನಿಂತವರು ಹತ್ತಲಾ ಬೇಡವಾ ಅಂತ ಒಂದೇ ಸಮನೆ ಫೋನ್ ಮಾಡುತ್ತಿದ್ದರು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಸರ್ಕಾರ ಹೇಳಿದ್ದು ಶನಿವಾರ. ಆ ಎರಡು ರಾತ್ರಿ ನಾನೂ ನನ್ನ ಅಮ್ಮನ ಫೋನ್ ಎತ್ತಲಿಲ್ಲ. ಸೋಮವಾರ ಮಾಡಿ ನಾನೂ ‘ಏನಿಲ್ಲಮ್ಮ’ ಅಂದೆ.

ನಿಮ್ಮ ಮಗಳ ಕೋರ್ಟಿನಲ್ಲಿ ದುಡ್ಡಿಲ್ಲದವರಿಗೆ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಕಳ್ಳತನದ ಕೇಸಿನವರಿಗೆ ಕೊಡುತ್ತಾರೆ, ದೇಶ ಬಿಟ್ಟು ಕಳಿಸುವ ಕೇಸಿನವರಿಗೆ ಇಲ್ಲ. ಬಾಕಿ ಕೇಸುಗಳು ಮೂವತ್ತು ಲಕ್ಷ ದಾಟಿವೆ. ಆಕೆ ಬಿಟ್ಟರೆ ಇನ್ನೊಬ್ಬರಿಲ್ಲ ಅನ್ನುವ ಜನ ಆಕೆಯ ಮುಂದೆ ಕೂತಿರುತ್ತಾರೆ. ಅವರು ಹೇಳುವುದೆಲ್ಲ ಹೊಡೆತ, ಜೈಲು, ಕಳೆದುಕೊಂಡ ಮನೆಯವರ ಮಾತು. ಅದನ್ನು ನಿಮಗೆ ಹೇಳೋಣವೆಂದರೆ ಹೇಳುವ ಹಾಗಿಲ್ಲ. ಕಕ್ಷಿದಾರನ ಮಾತನ್ನು ಹೊರಗೆ ಆಡಬಾರದು ಅನ್ನುವುದು ನಮ್ಮ ವೃತ್ತಿಯ ನಿಯಮ, ಅಮ್ಮನ ಹತ್ತಿರವೂ. ಆಕೆ ನಿಮ್ಮಿಂದ ದೂರವಾಗುತ್ತಿಲ್ಲ, ಬೇರೆಯವರ ಗುಟ್ಟು ಕಾಯುತ್ತಿದ್ದಾಳೆ.

ಬೇರೆ ಕೆಲಸ ನೋಡಿಕೋ ಅಂತ ಈಗಲೇ ಹೇಳಬೇಡಿ. ಆಫೀಸಿನಲ್ಲಿ ಕೇಸಿನ ಭಾರ ಹಂಚಿಕೊಳ್ಳುವ ಹಿರಿಯರು ಇದ್ದಾರಾ, ಈ ವರ್ಷ ಒಂದು ವಾರವಾದರೂ ರಜೆ ಹಾಕಿದ್ದಾಳಾ, ರಾತ್ರಿ ನಿದ್ದೆ ಬರುತ್ತಾ, ಇವನ್ನು ಕೇಳಿ. ಮೂರಕ್ಕೂ ಇಲ್ಲ ಅಂದರೆ ಆಗ ಕೂತು ಮಾತಾಡಿ, ಕೌನ್ಸೆಲರ್ ಹತ್ತಿರ ಹೋಗಿ ಬಾ ಅನ್ನಿ. ಉಳಿದ ದಿನ ಕೇಸಿನ ಸುದ್ದಿ ಎತ್ತಬೇಡಿ. ಊರಲ್ಲಿ ಮಳೆ ಬಂತಾ, ಪಕ್ಕದ ಮನೆ ಹುಡುಗಿಯ ಮದುವೆ ಹೇಗಾಯಿತು, ರೊಟ್ಟಿಗೆ ಏನು ಪಲ್ಯ ಮಾಡಿದಿರಿ, ನೀವೇ ಹೇಳುತ್ತಾ ಹೋಗಿ. ಆಕೆ ಸುಮ್ನೆ ಕೇಳಿಸಿಕೊಳ್ಳಲಿ. ಇಡೀ ದಿನ ಬೇರೆಯವರ ಕಷ್ಟ ಕೇಳಿ ಬಂದ ಮೇಲೆ ಅಂಥ ಹತ್ತು ನಿಮಿಷ ಎಷ್ಟು ಬೇಕಾಗಿರುತ್ತೆ ಅಂತ ನನಗೆ ಗೊತ್ತು.