ಮೂವರು ಬಂದರು, ಮೂರು ಮಾತು ಹೇಳಿದರು

ಪ್ರಶ್ನೆ: ಓಟು ಕೇಳಲು ಬಂದವರಲ್ಲಿ ಒಬ್ಬರು ಕಾಸರಗೋಡಿಗೆ ಏಮ್ಸ್ ಆಸ್ಪತ್ರೆ ತರ್ತೇವೆ ಅಂದರು. ಇನ್ನೊಬ್ಬರು ನಮ್ಮ ಜಿಲ್ಲೆಯ ಉಕ್ಕಿನಡ್ಕ ಮೆಡಿಕಲ್ ಕಾಲೇಜನ್ನೇ ಸರಿಮಾಡ್ತೇವೆ ಅಂದರು. ಮೂರನೆಯವರು 5 ಲಕ್ಷದವರೆಗೆ ಉಚಿತ ಚಿಕಿತ್ಸೆಯ ಕಾರ್ಡಿನ ಮಾತೆತ್ತಿದರು. ಯಾರನ್ನು ನಂಬುವುದು?
– ಓದುಗಿ, ಬದಿಯಡ್ಕ

ಉತ್ತರ: ಅಕ್ಕಾ, ಮೊದಲು ಇದು ಯಾವ ಚುನಾವಣೆ ನೋಡಿ. ಆಸ್ಪತ್ರೆ ನಡೆಸುವುದು ರಾಜ್ಯದ ಕೆಲಸ, ಏಮ್ಸ್ ಕೊಡುವುದು ಕೇಂದ್ರ. ಕೇರಳ ಸರ್ಕಾರ ಏಮ್ಸ್‌ಗೆ ತೋರಿಸಿದ ಜಾಗ ಕೋಝಿಕ್ಕೋಡಿನ ಕಿನಾಲೂರು, ಹಾಗಾಗಿ ಇಲ್ಲಿಗೇ ತರ್ತೇವೆ ಅನ್ನುವವರು ಮೊದಲು ತಿರುವನಂತಪುರದಲ್ಲಿ ಜಗಳ ಆಡಬೇಕು, ಅಲ್ವಾ? ಉಕ್ಕಿನಡ್ಕ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, ಸರಿಮಾಡ್ತೇವೆ ಅನ್ನುವ ಮಾತು ಇನ್ನೂ ಕೇಳ್ತಿದ್ದೇವೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತದ್ದು ನಿಮಗೂ ನೆನಪಿರಬಹುದು, ನನಗಂತೂ ಮರೆತಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ಮನೆಗಳ ಕಷ್ಟ ಬೇರೆಯೇ, ಅವರಿಗೆ ನರರೋಗದ ಡಾಕ್ಟರು ಹತ್ತಿರದಲ್ಲೇ ಬೇಕು.

ಕಾರ್ಡು ಸುಮ್ನೆ ಅಲ್ಲ. ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ದೊಡ್ಡ ಮೊತ್ತವೇ. ಆದರೆ ಅದು ನಡೆಯುವುದು ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ, ಅದೂ ಹೆಚ್ಚಾಗಿ ಅಡ್ಮಿಟ್ ಆದರೆ. ದಿನಾ ನುಂಗುವ ಬಿಪಿ ಮಾತ್ರೆಗೆ ಆಗುವುದಿಲ್ಲ. ಮುಂದಿನ ಸಲ ಬಂದವರ ಹತ್ತಿರ ಮಂಗಳೂರಿನ ಯಾವ್ಯಾವ ಆಸ್ಪತ್ರೆಯಲ್ಲಿ ಕಾರ್ಡು ತಗೊಳ್ತಾರೆ ಅಂತ ಹೆಸರು ಹೇಳಿಸಿ, ಬರೆದುಕೊಳ್ಳಿ.