ಪ್ರವಾಸದಲ್ಲಿದ್ದೂ ಊರಿನ ಚಿಂತೆ: ಕಾಸರಗೋಡಿನಿಂದ ಪ್ರತಿಕ್ರಿಯೆ

ಆರು ತಿಂಗಳು ಯುರೋಪು ಸುತ್ತಲು ಹೊರಟರೆ ಚುನಾವಣೆಗೂ ಊರಿನ ಕನ್ನಡ ಶಾಲೆಯ ಪ್ರಶ್ನೆಗೂ ಬೆನ್ನು ಹಾಕಿದಂತಾಗುವುದೇ ಎಂದು ತಾವು ಕೇಳಿದ್ದೀರಿ. ಆಗುವುದಿಲ್ಲವೆಂದೇ ನನ್ನ ಅಭಿಪ್ರಾಯ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯಂತೆ, ತಾತ್ಕಾಲಿಕವಾಗಿ ಮನೆಯಿಂದ ದೂರವಿದ್ದ ಮಾತ್ರಕ್ಕೆ ಮತದಾರರ ಪಟ್ಟಿಯಲ್ಲಿರುವ ಹಕ್ಕು ಹೋಗುವುದಿಲ್ಲ. ಆದರೆ ಪ್ರವಾಸಿಗರಿಗೆ ಅಂಚೆ ಮತದ ಸೌಲಭ್ಯವಿಲ್ಲದ ಕಾರಣ ಖುದ್ದಾಗಿ ಮತಗಟ್ಟೆಗೆ ಬರಲೇಬೇಕಾಗುತ್ತದೆ. ಆದ್ದರಿಂದ, ದುಡ್ಡು ತುಸು ಹೆಚ್ಚಾದರೂ, ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಕೊಳ್ಳಿರಿ.

ಶಾಲೆಯ ವಿಷಯಕ್ಕಂತೂ ದೂರ ಅಡ್ಡಿಯಲ್ಲ. ನಮ್ಮ ಕಡೆಯ ಕನ್ನಡ ತರಗತಿಯೊಂದಕ್ಕೆ ಕನ್ನಡ ಬಾರದ ಅಧ್ಯಾಪಕರು ಬಂದಾಗ, ನಾನು ಲಿಸ್ಬನ್ನಿನ ವಸತಿಗೃಹದ ಅಡುಗೆಮನೆಯಲ್ಲಿ, ಪಕ್ಕದಲ್ಲಿ ಯಾರೋ ಮೀನು ಹುರಿಯುತ್ತಿರುವಾಗ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಮನವಿ ಬರೆದಿದ್ದೆ. ಸಂವಿಧಾನದ 350ನೆಯ ವಿಧಿ ಅವಕಾಶ ಕೊಡುವುದರಿಂದ ಅದನ್ನು ಕನ್ನಡದಲ್ಲಿಯೇ ಬರೆದೆ. ತಾವೂ ಇಂಥ ಮನವಿ ಬರೆಯಬೇಕಾಗಿ ಬಂದೀತೆಂದು ತರಗತಿ, ವಿಷಯ, ಅಧ್ಯಾಪಕರ ನೇಮಕದ ದಿನಾಂಕಗಳನ್ನು ಹೊರಡುವ ಮೊದಲೇ ಸಂಗ್ರಹಿಸಿಟ್ಟುಕೊಳ್ಳಿರಿ.