ಲೋಡರ್ ಬಕೆಟ್ಟಿಗೆ ಫೋರ್ಕ್ ಹಾಕುವ ಮೊದಲು

ತಮ್ಮಾ,

ನೀನು ಕೇಳಿದ್ದು ಎರಡು ಪ್ರಶ್ನೆ. ಪೆನ್ಸಿಲ್ವೇನಿಯಾದ ಹಳ್ಳಿ ಕಡೆ ಬದುಕು ಹೇಗಿರುತ್ತದೆ ಅಕ್ಕಾ ಅಂತ ಒಂದು. ಮನೆ ಜೊತೆ ಐದು ಎಕರೆ ಬಂದಿದೆ, ಹಿಂದಿನವರು ಬಿಟ್ಟುಹೋದ ಸಣ್ಣ ಟ್ರಾಕ್ಟರೂ ಇದೆ, ಅದರ ಲೋಡರ್ ಬಕೆಟ್ಟಿಗೆ, ಅಂದರೆ ಮುಂದಿನ ಎತ್ತುವ ತೋಳಿನ ತುದಿಯ ಮಣ್ಣು ತುಂಬುವ ತೊಟ್ಟಿಗೆ, ಬೋಲ್ಟಿನಿಂದ ಬಿಗಿಯುವ ಕ್ಲಾಂಪ್ ಫೋರ್ಕ್ ತಗೊಳ್ಳಬೇಕು, ಯಾವುದು ಒಳ್ಳೆಯದು ಅಂತ ಇನ್ನೊಂದು. ನಾನೀಗ ಶಿರಸಿಯಲ್ಲಿದ್ದೇನೆ. ಮನೆಯಲ್ಲಿ ಅಡಿಕೆ ಕೊನೆ ಕೊಯ್ಲು ನಡೆದಿದೆ, ಪುರುಸೊತ್ತು ಸಿಕ್ಕಿದ್ದು ಇವತ್ತು. ಫೋರ್ಕಿನ ವಿಷಯ ಸರಿಯಾಗಿ ಹೇಳಿದರೆ ಅಲ್ಲಿಯ ಬದುಕಿನ ವಿಷಯವೂ ಅರ್ಧ ಹೇಳಿದಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಕೊನೆ ಇಳಿಸಲು ಮರದ ಮೇಲೆ ಒಬ್ಬರು, ಕೆಳಗೆ ಹಗ್ಗ ಹಿಡಿಯಲು ಒಬ್ಬರು, ಹೊರಲು ಮತ್ತೆ ಬೇರೆಯವರು. ಆಳು ಸಿಗುವುದಿಲ್ಲ ಅಂತ ಎಲ್ಲರ ಮನೆಯಲ್ಲೂ ಅದೇ ಮಾತು. ಆದರೂ ತೋಟದಲ್ಲಿ ಕೂಗಿದರೆ ಓ ಅನ್ನಲು ಯಾರೋ ಇರುತ್ತಾರೆ. ಅಲ್ಲಿ ನೀನು ಒಬ್ಬನೇ. ನೆರೆಯವರು ಒಳ್ಳೆಯವರು, ಕರೆದರೆ ಖಂಡಿತ ಬರುತ್ತಾರೆ. ಆದರೆ ಅವರ ಮನೆ ದೂರ, ಹಗಲು ಅವರೂ ಕೆಲಸಕ್ಕೆ ಹೋಗಿರುತ್ತಾರೆ. ಅದಕ್ಕೇ ಯಾವ ಸಾಮಾನು ತಗೊಂಡರೂ ಇದು ಎಷ್ಟು ಎತ್ತುತ್ತದೆ ಅಂತ ಆಮೇಲೆ ಕೇಳು. ನಾನು ಒಬ್ಬನೇ ಇದ್ದಾಗ ಇದು ಕೈಕೊಟ್ಟರೆ ಏನು ಗತಿ, ಅದನ್ನು ಮೊದಲು ಕೇಳಿಕೋ.

ಕ್ಲಾಂಪ್ ಫೋರ್ಕ್ ಅಂದರೆ ಎರಡು ಉದ್ದನೆಯ ಉಕ್ಕಿನ ಕೋಲು, ಸಾಮಾನ್ಯವಾಗಿ 42 ಅಥವಾ 48 ಇಂಚು. ಬಕೆಟ್ಟಿನ ಮುಂದಿನ ಅಂಚಿಗೆ ತೂರಿಸಿ ಬೋಲ್ಟ್ ಬಿಗಿದರೆ ಆಯಿತು. ಬಕೆಟ್ ಬಿಚ್ಚಬೇಕಿಲ್ಲ, ಬೆಲೆಯೂ ಕಡಿಮೆ. ಜಾಹೀರಾತಿನಲ್ಲಿ 1,500 ಪೌಂಡ್, 2,000 ಪೌಂಡ್, 4,000 ಪೌಂಡ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ಲೆಕ್ಕ ಫೋರ್ಕಿನ ಉಕ್ಕಿನದು. ನಿನ್ನ ಟ್ರಾಕ್ಟರಿನದಲ್ಲ, ನಿನ್ನ ಬಕೆಟ್ಟಿನದಂತೂ ಅಲ್ಲವೇ ಅಲ್ಲ. ಅದನ್ನು ನೋಡಿ ದುಡ್ಡು ಕೊಡಬೇಡ.

ನಿನ್ನದು 25 ಎಚ್‌ಪಿ ಒಳಗಿನ ಗಾಡಿ. ಆ ಗಾತ್ರದ ಲೋಡರುಗಳು ಹೆಚ್ಚಿನವು 300ರಿಂದ 450 ಕಿಲೊ ಎತ್ತುತ್ತವೆ ಅಂತ ಮ್ಯಾನ್ಯುವಲ್ಲಿನಲ್ಲಿ ಇರುತ್ತದೆ. ಆದರೆ ಎಲ್ಲಿ ಇಟ್ಟರೆ ಅಷ್ಟು? ಬಕೆಟ್ ಸಿಕ್ಕಿಸುವ ಪಿನ್ನಿನ ಮೇಲೆ. ಅಲ್ಲಿಂದ ಮುಂದೆ ಹೋದಷ್ಟೂ ಶಕ್ತಿ ಇಳಿಯುತ್ತದೆ. ತೆಂಗಿನಕಾಯಿ ದೋಟಿಯ ತುದಿಗೆ ಒಂದು ಕಾಯಿ ಕಟ್ಟಿ, ಬುಡ ಹಿಡಿದು ಅಡ್ಡಕ್ಕೆ ಎತ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕ್ಲಾಂಪ್ ಫೋರ್ಕಿನ ತೊಂದರೆ ಇರುವುದು ಇಲ್ಲಿಯೇ. ಪಿನ್ನಿನಿಂದ ಬಕೆಟ್ಟಿನ ಅಂಚಿಗೆ ಸುಮಾರು ಎರಡು ಅಡಿ. ಫೋರ್ಕ್ ಶುರುವಾಗುವುದೇ ಆ ಅಂಚಿನಿಂದ. 48 ಇಂಚಿನ ಪ್ಯಾಲೆಟ್, ಅಂದರೆ ಸಾಮಾನು ಪೇರಿಸುವ ಮರದ ಅಟ್ಟಣೆ, ಎತ್ತಿದರೆ ಅದರ ನಡುಭಾಗ ಇನ್ನೂ ಎರಡು ಅಡಿ ಆಚೆ. ಅಂದರೆ ಭಾರ ಪಿನ್ನಿಗಿಂತ ನಾಲ್ಕು ಅಡಿ ಮುಂದೆ. ಲೋಡರಿನ ತೋಳು ಹಿಂದಿನ ಕೀಲಿನಿಂದ ಪಿನ್ನಿನವರೆಗೆ ಐದು ಅಡಿ ಅಂತ ಇಟ್ಟುಕೋ. ಪಿನ್ನಿನ ಹತ್ತಿರ 350 ಕಿಲೊ ಎತ್ತುವುದು ನಾಲ್ಕು ಅಡಿ ಆಚೆ 195 ಕಿಲೊ ಆಗುತ್ತದೆ. ಅದರಲ್ಲಿ ಜೋಡಿ ಫೋರ್ಕಿನ ತೂಕ ಕಳೆ, ಅದೇ 45 ಕಿಲೊ ಆಸುಪಾಸು. ಮ್ಯಾನ್ಯುವಲ್ಲಿನ ಅಂಕಿಯಲ್ಲಿ ಬಕೆಟ್ಟಿನ ತೂಕ ಹಿಡಿದಿಲ್ಲದಿದ್ದರೆ ಅದನ್ನೂ ಕಳೆ. ಕೊನೆಗೆ ಉಳಿಯುವುದು ನೂರು ನೂರಹತ್ತು ಕಿಲೊ. ಇದು ಅಂದಾಜಿನ ಲೆಕ್ಕ. ನಿನ್ನ ಗಾಡಿಯ ಅಳತೆ ಟೇಪ್ ಹಿಡಿದು ತೆಗೆದು ನೀನೇ ಮಾಡಿ ನೋಡು. 4,000 ಪೌಂಡ್ ಅಂತ ಬರೆದ ಫೋರ್ಕ್ ಹಾಕಿದರೂ ಲೆಕ್ಕ ಇದೇ. ಅದರ ತೂಕ ಜಾಸ್ತಿ ಇರುವುದರಿಂದ ಎತ್ತುವುದು ಇನ್ನೂ ಕಡಿಮೆ.

ಏನೇನು ಎತ್ತುತ್ತೇನೆ ಅಂತ ನೀನು ಬರೆದದ್ದನ್ನು ಈ ನೂರು ಕಿಲೊ ಎದುರು ಇಟ್ಟು ನೋಡೋಣ. ಒಲೆಗೆ ಹಾಕುವ ಪೆಲೆಟ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆ, ಪ್ಯಾಲೆಟ್ ಲೆಕ್ಕದಲ್ಲಿ ಮನೆ ಬಾಗಿಲಿಗೆ ಬರುತ್ತದೆ. 40 ಪೌಂಡಿನ 50 ಚೀಲ, ಹತ್ತಿರ ಹತ್ತಿರ 900 ಕಿಲೊ. ನಿನ್ನ ಗಾಡಿಯ ಯೋಗ್ಯತೆಯೇ ಅಲ್ಲ ಅದು. ಚೀಲ ಚೀಲವಾಗಿ ಬಕೆಟ್ಟಿಗೆ ಹಾಕಿ ಸಾಗಿಸು. ಸಾವಿರ ಲೀಟರಿನ ನೀರಿನ ಟ್ಯಾಂಕೂ ಹಾಗೇ. ಖಾಲಿ ಇದ್ದಾಗ ಮಾತ್ರ ಎತ್ತು.

ಇನ್ನು ನಿನ್ನ ಜಾಗದಲ್ಲಿ ಒಣಗಿ ನಿಂತಿರುವ ಆಶ್ ಮರಗಳು. ಅವನ್ನು ಕೊಂದದ್ದು ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಹುಳ. 2002ರಲ್ಲಿ ಮಿಶಿಗನ್ನಿನಲ್ಲಿ ಮೊದಲು ಸಿಕ್ಕಿತು, 2007ರಲ್ಲಿ ಪೆನ್ಸಿಲ್ವೇನಿಯಾದಲ್ಲೂ ಕಂಡಿತು. ಹಸಿ ಆಶ್ ದಿಮ್ಮಿ ಎಂಟು ಅಡಿ ಉದ್ದ, ಒಂದಡಿ ದಪ್ಪ ಇದ್ದರೆ 135 ಕಿಲೊ ಆಸುಪಾಸು ತೂಗುತ್ತದೆ. ದಪ್ಪ ಇನ್ನು ನಾಲ್ಕೇ ಇಂಚು ಹೆಚ್ಚಾದರೆ 240 ಕಿಲೊ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಗಾಡಿಗೆ ಗೊತ್ತಾಗುತ್ತದೆ. ದಿಮ್ಮಿಯನ್ನು ನಾಲ್ಕಡಿಗೆ ತುಂಡು ಮಾಡಿ, ಫೋರ್ಕಿನ ಬುಡಕ್ಕೆ ಒತ್ತಿ ಕೂರಿಸಿಕೊಂಡು ಸಾಗಿಸು. ಇಲ್ಲವೇ ಸರಪಳಿ ಹಾಕಿ ಟ್ರಾಕ್ಟರಿನ ಹಿಂದೆ ಕೆಳಗಡೆ ಎಳೆಯಲೆಂದೇ ಇರುವ ಡ್ರಾಬಾರ್ ಪಟ್ಟಿಗೆ ಕಟ್ಟಿ ಎಳೆ. ಡ್ರಾಬಾರಿಗಿಂತ ಎತ್ತರಕ್ಕೆ ಮಾತ್ರ ಕಟ್ಟಬೇಡ, ಗಾಡಿಯ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಹುಳ ತಿಂದು ಒಣಗಿದ ಆಶ್ ತುಂಬಾ ಪೆಡಸು, ಕೊಂಬೆ ಯಾವಾಗ ಮುರಿದು ಬೀಳುತ್ತದೆ ಹೇಳಲು ಬರುವುದಿಲ್ಲ. ನಿಂತ ಮರ ಕಡಿಯುವ ಕೆಲಸ ಅದನ್ನೇ ಮಾಡುವವರಿಗೆ ಕೊಟ್ಟುಬಿಡು. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಪ್ಪಾ.

ಹಾಗಾದರೆ ಕ್ಲಾಂಪ್ ಫೋರ್ಕ್ ದಂಡವೇ? ಖಂಡಿತ ಅಲ್ಲ. ಕಡಿದ ರೆಂಬೆಕೊಂಬೆಯ ರಾಶಿ ಸಾಗಿಸಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ರಾಶಿಯ ಅಡಿಗೆ ತೂರಿಸಿ, ಸ್ವಲ್ಪ ಹಿಂದಕ್ಕೆ ಮಡಚಿ ಎತ್ತಿದರೆ ಬಕೆಟ್ಟಿನಲ್ಲಿ ಹತ್ತು ಸಲ ಒಯ್ಯುವುದು ಎರಡೇ ಸಲಕ್ಕೆ ಮುಗಿಯುತ್ತದೆ. ಬೇಲಿ ಕಂಬ, ಖಾಲಿ ಪ್ಯಾಲೆಟ್, ಚಿಕ್ಕ ಚೌಕದ ಹುಲ್ಲಿನ ಕಟ್ಟು, ಇವೆಲ್ಲ ಅದರ ಕೆಲಸ. ದುಂಡನೆಯ ದೊಡ್ಡ ಹುಲ್ಲುರುಳೆ ಬೇಡ. ಫೋರ್ಕ್ ಮೇಲೆತ್ತಿದಾಗ ಅದು ತೋಳಿನ ಮೇಲಿಂದ ಉರುಳಿ ಕೂತವರ ಮೇಲೇ ಬರುತ್ತದೆ.

ಈಗ ಆರಿಸುವ ವಿಷಯ. ಫೋರ್ಕಿನ ಉದ್ದಕ್ಕಿಂತ ಮೊದಲು ಅದರ ಬಾಲ ನೋಡು. ಅಂಚಿನಿಂದ ಹಿಂದಕ್ಕೆ, ಬಕೆಟ್ಟಿನ ತಳಕ್ಕೆ ತಾಗಿಕೊಂಡು ಹೋಗುವ ಭಾಗ ಅದು. ಫೋರ್ಕಿನ ತುದಿ ಕೆಳಗೆ ಜಗ್ಗಿದಾಗ ಬಾಲ ಮೇಲಕ್ಕೆ ಒತ್ತುತ್ತದೆ. ಅಂಚಿನಿಂದ 60 ಸೆಂಟಿಮೀಟರ್ ಆಚೆ 100 ಕಿಲೊ ಇಟ್ಟೆ ಅನ್ನು. ಬಾಲ 20 ಸೆಂಟಿಮೀಟರ್ ಇದ್ದರೆ ಅಲ್ಲಿ ತಳವನ್ನು ಒತ್ತುವುದು 300 ಕಿಲೊ, ಅಂಚಿನ ಮೇಲೆ ಬೀಳುವುದು 400. ಬಾಲ 40 ಸೆಂಟಿಮೀಟರ್ ಇದ್ದರೆ 150 ಮತ್ತು 250. ಸಣ್ಣ ಟ್ರಾಕ್ಟರಿನ ಬಕೆಟ್ ತೆಳ್ಳಗಿನ ತಗಡು. ಗಿಡ್ಡ ಬಾಲದ ಫೋರ್ಕ್ ಹಾಕಿದವರ ಬಕೆಟ್ಟುಗಳಲ್ಲಿ ಅಂಚು ಬಾಗಿ, ತಳ ಉಬ್ಬಿದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ. ಒಮ್ಮೆ ಬಾಗಿದ ಅಂಚಿನಿಂದ ನೆಲ ಸಮ ಮಾಡಲು ಬರುವುದಿಲ್ಲ. ಬೋಲ್ಟ್ ಒತ್ತುವ ಜಾಗದಲ್ಲಿ ಅಗಲದ ಚಪ್ಪಟೆ ಪಟ್ಟಿ ಇದೆಯಾ ಅಂತಲೂ ನೋಡು. ಬರೀ ಬೋಲ್ಟಿನ ತುದಿ ತಾಗುವಂಥದ್ದು ತಗಡನ್ನು ಕುಳಿ ಬೀಳಿಸುತ್ತದೆ.

ಎರಡು ಫೋರ್ಕುಗಳನ್ನು ಜೋಡಿಸುವ ಅಡ್ಡಪಟ್ಟಿ ಬೇಕೇ ಬೇಕು. ಇಲ್ಲದಿದ್ದರೆ ಭಾರ ವಾಲಿದಾಗ ಒಂದೊಂದು ಒಂದೊಂದು ದಿಕ್ಕಿಗೆ ತಿರುಗುತ್ತದೆ. ಫೋರ್ಕಿನಿಂದ ಬಕೆಟ್ಟಿಗೆ ಒಂದು ಸರಪಳಿ ಕೂಡ ಹಾಕು, ಬೋಲ್ಟ್ ಸಡಿಲಾದರೂ ಜಾರಿ ಬೀಳುವುದಿಲ್ಲ. ಮೊದಲ ಒಂದೆರಡು ಭಾರ ಎತ್ತಿದ ಮೇಲೆ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಬೇಕು. ನಿನ್ನ ಬಕೆಟ್ಟಿಗೆ ಹಲ್ಲಿನ ಪಟ್ಟಿ ಹಾಕಿದ್ದರೆ ಕ್ಲಾಂಪ್ ಸರಿಯಾಗಿ ಕೂರುವುದಿಲ್ಲ, ಅದನ್ನು ಬಿಚ್ಚಬೇಕು. ಉದ್ದ 42 ಇಂಚು ಸಾಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ವೆಲ್ಡಿಂಗಿನಲ್ಲಿ ಬಿರುಕು ಇದೆಯಾ ಅಂತ ಬೆಳಕಿನಲ್ಲಿ ತಿರುಗಿಸಿ ನೋಡಿಕೋ.

ಬಕೆಟ್ ಸುಲಭವಾಗಿ ಬಿಚ್ಚಿ ಹಾಕುವಂತಿದ್ದರೆ, ಸ್ವಲ್ಪ ಕಾದು ದುಡ್ಡು ಕೂಡಿಸಿ ಬಕೆಟ್ ತೆಗೆದು ಅದರ ಜಾಗಕ್ಕೆ ಹಾಕುವ ಚೌಕಟ್ಟಿನ ಪ್ಯಾಲೆಟ್ ಫೋರ್ಕ್ ತಗೋ ಅನ್ನುತ್ತೇನೆ. ಭಾರ ಪಿನ್ನಿಗೆ ಹತ್ತಿರ ಬರುತ್ತದೆ, ಬಕೆಟ್ ಅಡ್ಡ ಇಲ್ಲದ್ದರಿಂದ ಫೋರ್ಕಿನ ತುದಿ ಕೂತಲ್ಲಿಂದ ಕಾಣುತ್ತದೆ. ಸಣ್ಣ ಗಾಡಿಗೆಂದೇ ಮಾಡಿದ ಹಗುರದ್ದೇ ಬೇಕು, ದೊಡ್ಡ ಯಂತ್ರದ್ದು ಹಾಕಿದರೆ ಅರ್ಧ ಶಕ್ತಿ ಚೌಕಟ್ಟು ಎತ್ತುವುದರಲ್ಲೇ ಹೋಗುತ್ತದೆ. ಹಿಂದೆ ನೇಗಿಲು ಮುಂತಾದವು ಸಿಕ್ಕಿಸುವ ತ್ರೀ ಪಾಯಿಂಟ್ ಕೊಂಡಿಗೆ ಹಾಕುವ ಫೋರ್ಕೂ ಇದೆ. ಎತ್ತರಕ್ಕೆ ಏಳುವುದಿಲ್ಲ, ಆದರೆ ಲೋಡರಿಗಿಂತ ಜಾಸ್ತಿ ಭಾರ ತಡೆಯುತ್ತದೆ.

ಯಾವುದೇ ತಗೋ, ಮುಂದೆ ಭಾರ ಎತ್ತುವಾಗ ಹಿಂದೆ ತೂಕ ಇರಲೇಬೇಕು. ಹಿಂದಿನ ಚಕ್ರ ಹಗುರಾದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಭಾರ ನೆಲದಿಂದ ಒಂದಡಿಗಿಂತ ಮೇಲೆ ಇಟ್ಟುಕೊಂಡು ಓಡಿಸಬೇಡ. ಗಾಡಿ ಮಗುಚಿದರೆ ಕಾಪಾಡುವ, ತಲೆ ಹಿಂದಿನ ರೋಪ್ಸ್ ಕಂಬ ಎತ್ತಿರಲಿ, ಬೆಲ್ಟ್ ಹಾಕಿರಲಿ. ಎತ್ತಿದ ಫೋರ್ಕಿನ ಅಡಿಗೆ ಕೈ ಕೂಡ ಹಾಕಬೇಡ. ಹೊರಡುವ ಮೊದಲು ಹೆಂಡತಿಗೋ ನೆರೆಯವರಿಗೋ, ಇಂಥ ಕಡೆ ಇರುತ್ತೇನೆ, ಇಷ್ಟು ಹೊತ್ತಿಗೆ ಬರುತ್ತೇನೆ ಅಂತ ಮೆಸೇಜ್ ಹಾಕು. ಫೋನು ಟ್ರಾಕ್ಟರಿನ ಮೇಲಲ್ಲ, ನಿನ್ನ ಜೇಬಿನಲ್ಲಿ.

ಇನ್ನೊಂದು ಮಾತು. ಮಂಗನ ಕಾಯಿಲೆ ಕಂಡ ಊರಿನವರು ನಾವು, ಉಣುಗು ಅಂದರೆ ಏನು ಅಂತ ನಿನಗೆ ಗೊತ್ತು. ಅಲ್ಲಿಯ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ, ಪೆನ್ಸಿಲ್ವೇನಿಯಾದಲ್ಲಿ ಜಾಸ್ತಿಯೇ ಇದೆ. ಕೊಂಬೆ ರಾಶಿಯಲ್ಲಿ ಕೆಲಸ ಮಾಡುವ ದಿನ ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸು, ಸಂಜೆ ಮೈ ಪೂರ್ತಿ ನೋಡಿಕೋ.

ನಿನ್ನ ಬಕೆಟ್ಟಿನ ಅಂಚಿನ ದಪ್ಪ, ಪಿನ್ನಿನಿಂದ ಅಂಚಿಗೆ ಇರುವ ದೂರ, ಮ್ಯಾನ್ಯುವಲ್ಲಿನಲ್ಲಿ ಲೋಡರಿನ ಪುಟದ ಫೋಟೊ, ಈ ಮೂರು ಕಳಿಸು. ನೀನು ನೋಡಿಟ್ಟ ಫೋರ್ಕಿನ ಬಾಲ ಎಷ್ಟು ಉದ್ದ ಅಂತ ಅಂಗಡಿಯವರನ್ನು ಕೇಳಿ ಅದನ್ನೂ ಬರೆ. ಲೆಕ್ಕ ಹಾಕಿ ಹೇಳುತ್ತೇನೆ, ಅಲ್ಲಿಯವರೆಗೆ ತಗೊಳ್ಳಬೇಡ.